ಅಂಚು ನೋಡಿ ಮಾತಾಡಿಸುವವಳು

ನನ್ನ ಸೋದರತ್ತೆ ಯಾರ ಮುಖವನ್ನೂ ಮೊದಲು ನೋಡಿದವಳಲ್ಲ. ಬಾಗಿಲಿಗೆ ಬಂದವರು ಬ್ಯಾಂಕಿನ ಮ್ಯಾನೇಜರೇ ಆಗಿರಲಿ, ಹಾಲಿನವನೇ ಆಗಿರಲಿ, ಅವಳ ದೃಷ್ಟಿ ನೇರವಾಗಿ ಅವರ ಮಣಿಕಟ್ಟಿಗೆ ಇಳಿದು, ಸ್ವೆಟರಿನ ತೋಳಿನ ಅಂಚು ಸವೆದಿದೆಯೇ, ಜೋಲುಬಿದ್ದಿದೆಯೇ ಎಂದು ಕೂಲಂಕಷವಾಗಿ ಪರೀಕ್ಷಿಸಿ, ಸಮಾಧಾನವಾದ ಮೇಲಷ್ಟೇ ಮುಖದ ಕಡೆಗೆ ಏರುತ್ತಿತ್ತು. ಎಡಗಂಕುಳಲ್ಲಿ ಸದಾ ನೂಲಿನ ಉಂಡೆ ಇರುಕಿಕೊಂಡು, ನಡೆಯುತ್ತಲೇ ಹೆಣೆದೂ ಹೆಣೆದೂ, ಆ ಭುಜ ಕೊಂಚ ಮೇಲೆದ್ದು ನಿಂತಿತ್ತು. ದೂರದಿಂದ ನೋಡಿದವರಿಗೆ ಅವಳು ಯಾರೊಡನೆಯೋ ಜಗಳಕ್ಕೆ ಹೊರಟಂತೆ ಕಾಣುತ್ತಿತ್ತು. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು.

ನನ್ನ ಅಪ್ಪ, ಅಂದರೆ ಅವಳ ತಮ್ಮ, ಊರಾಚೆಯ ಗುಡ್ಡದಲ್ಲಿ ಮೇಯಿಸುತ್ತಿದ್ದ ಕುರಿಗಳ ಉಣ್ಣೆಯೊಂದನ್ನೇ ಅವಳು ಮುಟ್ಟುತ್ತಿದ್ದುದು. ಬಣ್ಣ ಹಾಕುವ ಮಾತಿಲ್ಲ. ಕಪ್ಪು ಕಪ್ಪಾಗಿ, ಕಂದು ಕಂದಾಗಿ ಇರಬೇಕು. ಉಳಿದವರು ತೋಳನ್ನು ಮಣಿಕಟ್ಟಿನಿಂದ ಶುರುಮಾಡಿ ಭುಜಕ್ಕೆ ಹತ್ತಿಸಿದರೆ, ಇವಳು ತನ್ನ ತಾಯಿ ಕಲಿಸಿದಂತೆ ಭುಜದಿಂದ ಕೆಳಕ್ಕೆ ಹೆಣೆಯುವಳು. ಹೆಣಿಗೆ ಬಿಚ್ಚಿಕೊಳ್ಳುವುದು ಮುಗಿಸಿದ ತುದಿಯಿಂದಷ್ಟೇ; ಹಾಗಾಗಿ ಇವಳು ಹೆಣೆದದ್ದರ ಅಂಚು ಸವೆದರೆ ನಾಲ್ಕು ಬೆರಳಗಲ ಬಿಚ್ಚಿ, ಅದೇ ಮಂದೆಯ ನೂಲಿನಿಂದ ಮತ್ತೆ ತುಂಬಿಕೊಡಬಹುದು. ಒಮ್ಮೆ ಜ್ವರದಲ್ಲಿ ನನ್ನ ಸ್ವೆಟರಿನ ತೋಳುಗಳನ್ನು ತಿರುವುಮುರುವಾಗಿ, ಮಣಿಕಟ್ಟಿನಿಂದಲೇ ಹೆಣೆದುಬಿಟ್ಟಿದ್ದಳು. ನಾಲ್ಕು ವರ್ಷಗಳ ಮೇಲೆ ಅದು ಕಣ್ಣಿಗೆ ಬಿದ್ದದ್ದೇ, ಊಟಕ್ಕೆ ಕೂತವನ ಮೈಯಿಂದ ಅದನ್ನು ಕಳಚಿಸಿ, ಎರಡೂ ತೋಳನ್ನು ಬುಡಸಮೇತ ಬಿಚ್ಚಿ ಹಾಕಿದಳು.

"ಚೆನ್ನಾಗೇ ಇತ್ತಲ್ಲ ಅತ್ತೆ," ಎಂದೆ.

"ಇವತ್ತಿಗೆ ಚೆನ್ನಾಗಿತ್ತು. ನಾಳೆಗೂ ಇರಬೇಕು, ತಿಳೀತಾ?"

ಈ 'ತಿಳೀತಾ' ಅವಳ ಪ್ರತಿ ಮಾತಿನ ಕೊನೆಗೂ ಬೀಳುವ ಗಂಟು.

ಎರಡು ವರ್ಷದ ಉಣ್ಣೆ ಮಾರಾಟವಾಗದೆ ಕೊಟ್ಟಿಗೆಯಲ್ಲಿ ಒಟ್ಟಿಕೊಂಡಾಗ ಅಪ್ಪ ಕೈಚೆಲ್ಲಿದ. "ಅಕ್ಕ, ಈ ಸಲನೂ ಹೋಗದಿದ್ರೆ ಮಂದೇನ ಮಾಂಸದವರಿಗೆ ಕೊಟ್ಟುಬಿಡ್ತೀನಿ. ಇನ್ನು ನನ್ನ ಕೈಲಾಗಲ್ಲ." ಅದೇ ವಾರ ದೊಡ್ಡ ಬಟ್ಟೆ ಅಂಗಡಿಯ ಮಾಲೀಕರು ಬಂದರು. ಅವರಿಗೆ ಅವಳ ಹಳೆಯ ವಿನ್ಯಾಸದಲ್ಲಿ ಮುನ್ನೂರು ಸ್ವೆಟರು ಬೇಕಿತ್ತು.

"ನಿಮ್ಮ ಉಣ್ಣೆ ಚುಚ್ಚುತ್ತೆ ಅಮ್ಮಾ. ಮೆತ್ತನೆ ನೂಲು ನಾವೇ ತರಿಸ್ತೀವಿ. ನಿಮ್ಮದು ಒಂದೆಳೆ ಸೇರಿಸಿ, ಲೇಬಲ್ಲಲ್ಲಿ ನಿಮ್ಮ ಉಣ್ಣೆ ಅಂತ ಹಾಕೋಕೆ ಅಷ್ಟು ಸಾಕು. ತೋಳು ಕೆಳಗಿಂದ ಹೆಣೆದರೆ ಬೇಗ ಮುಗಿಯುತ್ತೆ."

ಒಂದೆಳೆಯಂತೆ ಸೇರಿಸಿದರೂ ಕೊಟ್ಟಿಗೆ ಖಾಲಿಯಾಗುತ್ತಿತ್ತು, ಮಂದೆ ಉಳಿಯುತ್ತಿತ್ತು. ಅಪ್ಪ ಕಣ್ಣಲ್ಲೇ ಅಕ್ಕನನ್ನು ಬೇಡಿಕೊಳ್ಳುತ್ತಿದ್ದ. ಅತ್ತೆ ಎದ್ದು ಬಂದು, ಮಾಲೀಕರ ಕೈಹಿಡಿದು, ಅವರದೇ ದುಬಾರಿ ಸ್ವೆಟರಿನ ನಾರುನಾರಾದ ಅಂಚಿನಿಂದ ಎಳೆಯೊಂದನ್ನು ಜಗ್ಗಿದಳು. ಅದು ಸಿಕ್ಕಿಕೊಂಡು ಪಟ್ಟನೆ ತುಂಡಾಯಿತು.

"ಇದು ಬಿಚ್ಚೋಕೆ ಬರಲ್ಲ, ಬಿಸಾಕೋಕೆ ಮಾತ್ರ ಬರುತ್ತೆ. ನನ್ನದು ಚುಚ್ಚುತ್ತೆ, ಸುಳ್ಳಲ್ಲ. ಒಂದು ಚಳಿಗಾಲ ಚುಚ್ಚುತ್ತೆ, ಆಮೇಲೆ ಇಪ್ಪತ್ತು ವರ್ಷ ಸುಮ್ಮನಿರುತ್ತೆ. ತಿಳೀತಾ?"

ಮಾಲೀಕರು ಮುಖ ಗಂಟಿಕ್ಕಿಕೊಂಡು ಹೋದರು. ಅಪ್ಪ ಎಂಟು ದಿನ ಅವಳೊಡನೆ ಮಾತು ಬಿಟ್ಟ, ನನಗೂ ಅವಳ ಮೇಲೆ ಕೆಂಡದಂಥ ಕೋಪವಿತ್ತು. ಒಂಬತ್ತನೆಯ ದಿನ ಅವಳು ಗೇಟಿಗೆ ಒಂದು ರಟ್ಟು ಕಟ್ಟಿದಳು: 'ನಾನು ಹೆಣೆದ ಸ್ವೆಟರಿನ ತೋಳು ಸವೆದಿದ್ದರೆ ತನ್ನಿ.' ನಿವೃತ್ತ ಕಂಡಕ್ಟರ್ ಮೂವತ್ತು ವರ್ಷದ ಹಳೆಯದನ್ನು ತಂದ. ನರ್ಸೊಬ್ಬಳು ತೀರಿಹೋದ ತಂದೆಯದನ್ನು ತಾನೇ ತೊಟ್ಟು ಬಂದಳು. ಅಂಚು ಹೆಣೆಸಲು ಬಂದವರು ಜಗಲಿಯಲ್ಲಿ ಒಬ್ಬರ ಸ್ವೆಟರನ್ನು ಇನ್ನೊಬ್ಬರು ಮುಟ್ಟಿ ನೋಡಿ, ಮಗಳಿಗೊಂದು, ಮೊಮ್ಮಗನಿಗೊಂದು ಹೊಸದು ಬೇಕೆಂದು ಹೇಳಿಹೋದರು. ಆದರೂ ಅಪ್ಪ ಹನ್ನೆರಡು ಕುರಿ ಮಾಂಸದವರಿಗೆ ಕೊಡಬೇಕಾಯಿತು, ನಲವತ್ತು ಉಳಿದವು. ಆ ಹನ್ನೆರಡು ಹೋದ ದಿನ ಅತ್ತೆ ಊಟ ಮಾಡಲಿಲ್ಲ, ಸೂಜಿಯನ್ನೂ ಕೆಳಗಿಡಲಿಲ್ಲ.

ಇಂಥವರನ್ನು ಹಠಮಾರಿಗಳೆಂದು ಕರೆದು ನಾವು ನಮ್ಮ ಅವಸರವನ್ನು ಮುಚ್ಚಿಕೊಳ್ಳುತ್ತೇವೆ. ಯಾವುದೂ ಸವೆಯದು ಎಂಬ ಭ್ರಮೆ ಅವರಿಗೆ ನಮಗಿಂತ ಕಡಿಮೆ. ಸವೆಯುವ ದಿನವನ್ನು ಮೊದಲ ಕುಣಿಕೆಯಲ್ಲೇ ಎಣಿಸಿಟ್ಟು, ಆ ದಿನ ಬಂದಾಗ ಬಿಚ್ಚಿ ಮತ್ತೆ ಶುರುಮಾಡಲು ಒಂದು ದಾರಿ ಬಿಟ್ಟು, ಲೋಕಕ್ಕೆ ಬೆನ್ನುಹಾಕಿ ಕೂತು ಹೆಣೆಯುತ್ತಾರೆ. ಆಮೇಲೆ ಲೋಕವೇ ಹರಿದ ತೋಳು ಹಿಡಿದುಕೊಂಡು ಅವರ ಬಾಗಿಲಿಗೆ ಬರುತ್ತದೆ.