ಕೆಳಗಿನ ಕಾಗದ ಓದುವ ಮೇಡಂ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕಾಲೇಜಿನ ಗೇಟು ಅರ್ಧ ಮಾತ್ರ ತೆರೆದಿತ್ತು. ಕಾರಿಡಾರಿನಲ್ಲಿ ನೆಲ ಒರೆಸಿದ ನೀರು ಇನ್ನೂ ಆರಿರಲಿಲ್ಲ. ಸಸ್ಯಶಾಸ್ತ್ರದ ಮೇಡಂ ನೋಟೀಸು ಬೋರ್ಡಿನ ಮುಂದೆ ನಿಂತು, ಪರೀಕ್ಷೆಯ ವೇಳಾಪಟ್ಟಿಯ ಕೆಳತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅದರ ಅಡಿಯಲ್ಲಿದ್ದ ಕಾಗದವನ್ನೂ ಆ ಕಾಗದದ ಅಡಿಯಲ್ಲಿದ್ದ ಇನ್ನೊಂದನ್ನೂ, ಎಲೆಯ ಹಿಂಬದಿಯನ್ನು ಪರೀಕ್ಷಿಸುವವರ ಹಾಗೆ, ಕತ್ತು ಓರೆ ಮಾಡಿ ಓದುತ್ತಿದ್ದರು. ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ನಾನು ಆ ಕಾಲೇಜಿಗೆ ಸೇರಿದ ಮೊದಲ ದಿನವದು.

ಆಫೀಸಿನ ಗುಮಾಸ್ತರು ಬಾಗಿಲಿನ ಬೀಗ ತೆಗೆಯುತ್ತ ಕೇಳಿದರು: "ಏನು ಮೇಡಂ, ಬೇರು ಹುಡುಕ್ತಿದ್ದೀರಾ?"

"ಬೇರಲ್ಲ ಸ್ವಾಮಿ, ಕೊನೇ ದಿನಾಂಕ. ನೀವು ಒಂದರ ಮೇಲೊಂದು ಪಿನ್ನು ಚುಚ್ಚಿ ಸಮಾಧಿ ಮಾಡ್ತೀರಲ್ಲ, ಅದು."

ನಮ್ಮ ವಿಭಾಗದಲ್ಲಿ ಜಾಗವಿಲ್ಲವೆಂದು ನನ್ನ ಮೇಜನ್ನು ಮೇಡಂ ಅವರ ಕೊಠಡಿಯ ಮೂಲೆಗೆ ಹಾಕಿದ್ದರು. ಒಂದು ಗೋಡೆಗೆ ಒಣಗಿಸಿದ ಸಸ್ಯಗಳ ಕಪಾಟು, ಇನ್ನೊಂದಕ್ಕೆ ಕಿಟಕಿ, ಕಿಟಕಿಯ ಕಟ್ಟೆಯ ಮೇಲೆ ಪಾಚಿ ಬೆಳೆಸಿದ ಗಾಜಿನ ಜಾಡಿಗಳು. ಹೀಗೆ ಏಳು ವರ್ಷ ಅವರನ್ನು ಹತ್ತಿರದಿಂದ ನೋಡುವ ಅವಕಾಶ ನನ್ನದಾಯಿತು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಏ ಕೆಮಿಸ್ಟ್ರಿ, ಬಾ ಇಲ್ಲಿ" ಎಂದರೆ ನಾನು ಹೋಗಬೇಕು.

ಮೇಡಂ ನೆಲ ನೋಡಿಕೊಂಡು ನಡೆಯುತ್ತಿದ್ದರು. ಕಾಡುಮೇಡು ಸುತ್ತಿ ಗಿಡ ಸಂಗ್ರಹಿಸಿದ ಕಾಲದ ಅಭ್ಯಾಸ ಅದು. ನಡುದಾರಿಯಲ್ಲಿ ತಟಕ್ಕನೆ ನಿಂತುಬಿಡುವರು, ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆಯುವರು, ಅವರು ಮಾತ್ರ ಕಲ್ಲುಸಂದಿಯ ಯಾವುದೋ ಚಿಗುರಿನ ಕಡೆಗೇ ಬಾಗಿರುವರು. ಪ್ರಯೋಗಾಲಯದ ಬಿಳಿ ಕೋಟನ್ನು ಬ್ಯಾಂಕಿಗೂ ಅಂಚೆಕಚೇರಿಗೂ ತೊಟ್ಟೇ ಹೋಗುವರು. ಬಲಜೇಬಿನ ಮೇಲೆ ಅಯೋಡಿನ್ನಿನ ಕಂದು ಕಲೆ. ಒಳಗೆ ಪಿನ್ನು, ಅಂಚೆಚೀಟಿ, ಭೂತಗನ್ನಡಿ. ಒಮ್ಮೆ ಔಷಧಿ ಅಂಗಡಿಯಲ್ಲಿ ಯಾರೋ ಅವರನ್ನು ವೈದ್ಯರೆಂದುಕೊಂಡು ಮೊಣಕಾಲು ತೋರಿಸಿದರಂತೆ. ಇವರು ನೋಡಿ, "ಊದಿದೆಯಾ, ಇಲ್ವಾ?" ಎಂದು ಕೇಳಿಯೂಬಿಟ್ಟರಂತೆ.

ಏಕೆಂದರೆ ಅವರ ಬಾಯಲ್ಲಿ ಪ್ರಶ್ನೆಗಳು ಬರುತ್ತಿದ್ದದ್ದೇ ಜೋಡಿಯಾಗಿ. ಗೊತ್ತಿಲ್ಲದ ಗಿಡದ ಹೆಸರು ಹಿಡಿಯುವುದಕ್ಕೆ ಸಸ್ಯಶಾಸ್ತ್ರದವರ ಬಳಿ ಒಂದು ಸಾಧನವಿದೆ. ಅವರು ಅದನ್ನು 'ಕೀ' ಎನ್ನುತ್ತಾರೆ. ಎಲೆಗಳು ಎದುರುಬದುರಾಗಿವೆಯೇ, ಒಂದಾದ ಮೇಲೊಂದಿವೆಯೇ? ಎದುರುಬದುರಾದರೆ ಈ ಪ್ರಶ್ನೆಗೆ ಹೋಗಿ, ಇಲ್ಲವಾದರೆ ಆ ಪ್ರಶ್ನೆಗೆ. ದಾರಿ ಕವಲೊಡೆಯುತ್ತ ಕವಲೊಡೆಯುತ್ತ ಕೊನೆಗೆ ಒಂದೇ ಒಂದು ಹೆಸರಿನ ಮುಂದೆ ನಿಲ್ಲುತ್ತದೆ. ಮೇಡಂ ಮಾಡಿದ್ದಿಷ್ಟೇ: ಈ ಸಾಧನವನ್ನು ಗಿಡಗಳಿಂದ ಎತ್ತಿ ವಿದ್ಯಾರ್ಥಿವೇತನಗಳಿಗೆ ಹಚ್ಚಿದರು. ಫೀಸಿಗೆ ದಾರಿ ಕಾಣದ ಹುಡುಗನೋ ಹುಡುಗಿಯೋ ಬಾಗಿಲಲ್ಲಿ ನಿಂತರೆ, ಕುಳಿತುಕೋ ಎನ್ನುವ ಮೊದಲೇ ಶುರು: "ತಂದೆ ಇದ್ದಾರಾ, ಇಲ್ವಾ? ಸಂಬಳವಾ, ಕೂಲಿಯಾ? ನೀನು ಹಿರಿಯವಳಾ, ಕಿರಿಯವಳಾ?" ಹತ್ತು ಹನ್ನೆರಡು ಪ್ರಶ್ನೆಗಳಾಗುವಷ್ಟರಲ್ಲಿ ಯಾವ ದತ್ತಿಯ ಬಾಗಿಲು ತಟ್ಟಬೇಕೆಂದು ಅವರಿಗೆ ತಿಳಿದಿರುತ್ತಿತ್ತು. ಹುಡುಗರು ಅವರನ್ನು 'ಇದೆಯಾ-ಇಲ್ವಾ ಮೇಡಂ' ಎಂದು ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ದೊಡ್ಡ ಅಕ್ಷರದಲ್ಲಿ ಅಚ್ಚಾದ, ಸಾವಿರಾರು ಜನ ಮುಗಿಬೀಳುವ ವಿದ್ಯಾರ್ಥಿವೇತನಗಳ ಮೇಲೆ ಅವರಿಗೆ ಆಸೆಯಿರಲಿಲ್ಲ. ಸತ್ತವರು ಬಿಟ್ಟುಹೋದ, ವಿಚಿತ್ರ ಷರತ್ತುಗಳ, ಸಣ್ಣ ದತ್ತಿಗಳೇ ಅವರ ಬೇಟೆ. ಒಬ್ಬ ಗಡಿಯಾರ ರಿಪೇರಿಯವನು, ತನ್ನ ಕೈಯಾರೆ ಏನನ್ನಾದರೂ ಸರಿಮಾಡಿದ ವಿದ್ಯಾರ್ಥಿಗೆಂದು ಹಣ ಇಟ್ಟು ಹೋಗಿದ್ದ. ಬಂದ ಅರ್ಜಿಗಳಿಗೆಲ್ಲ ಅಂಕಪಟ್ಟಿ ಲಗತ್ತಾಗಿರುತ್ತಿತ್ತು. ಮೇಡಂ ಕಳಿಸಿದ ಹುಡುಗ ನಮ್ಮ ಪ್ರಯೋಗಾಲಯದಲ್ಲಿ ನೀರು ಬಟ್ಟಿ ಇಳಿಸುವ ಉಪಕರಣದ ಸೋರಿಕೆಯನ್ನು ಸೈಕಲ್ ಟ್ಯೂಬು ಸುತ್ತಿ ನಿಲ್ಲಿಸಿದವನು. ಅವನು ಅರ್ಜಿಗೆ ಲಗತ್ತಿಸಿದ್ದು ಆ ಟ್ಯೂಬಿನ ಉಳಿದ ತುಂಡನ್ನು. ಮೂರು ವರ್ಷದ ಫೀಸು ಅವನಿಗೆ ಒಂದೇ ಸಲಕ್ಕೆ ಬಂತು.

ಅರ್ಜಿ ಬರೆಸುವಾಗ ಅವರದೊಂದು ಹಟವಿತ್ತು. 'ಕಡುಬಡವರು', 'ಕಣ್ಣೀರು', 'ತಮ್ಮ ಪಾದಾರವಿಂದಗಳಲ್ಲಿ' ಇಂಥವು ಕಂಡರೆ ಕೆಂಪು ಪೆನ್ಸಿಲಿನಿಂದ ಅಡ್ಡ ಗೀಟು. "ಗಿಡದ ವಿವರಣೆ ಬರೆಯೋವಾಗ ಮಣ್ಣಿನ ಬಗ್ಗೆ ಒಂದು ಸಾಲು ಸಾಕು. ಮಿಕ್ಕಿದ್ದೆಲ್ಲ ಗಿಡ" ಎನ್ನುವರು. "ಕಷ್ಟ ಇದೆ ಅನ್ನೋದಕ್ಕೆ ಸರ್ಟಿಫಿಕೇಟು ಹಾಕಿದ್ದೀಯಲ್ಲ. ಅದರ ಕೆಲಸ ಅದು ಮಾಡ್ಲಿ. ನೀನು ಯಾರು ಅಂತ ನೀನು ಹೇಳು."

ಇಷ್ಟು ಖಚಿತವಾದ ಮನುಷ್ಯರು ಎಡವಿದ್ದನ್ನೂ ನಾನು ಕಂಡಿದ್ದೇನೆ.

ಎರಡನೆಯ ವರ್ಷ ಮುಗಿಸಿದ ಒಬ್ಬ ಹುಡುಗಿ ಇದ್ದಳು. ಜಡೆಯಲ್ಲಿ ಸದಾ ಒಂದು ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಿದ್ದಳಾದ್ದರಿಂದ ಎಲ್ಲರಿಗೂ ಅವಳು ಪೆನ್ಸಿಲ್. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಅವಳಷ್ಟು ಸ್ಪಷ್ಟವಾಗಿ ಚಿತ್ರಿಸುವವರು ನಮ್ಮಲ್ಲಿ ಇರಲಿಲ್ಲ. ಕೊನೆಯ ವರ್ಷದ ಫೀಸಿಗೆ ತಿಂಗಳ ಕೊನೆಯೇ ಗಡುವು. ಕಟ್ಟದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಬಟ್ಟೆ ಅಂಗಡಿಯವರು ಒಂದನೇ ತಾರೀಖಿನಿಂದ ಕೌಂಟರಿಗೆ ಬಾ ಎಂದು ಆಗಲೇ ಹೇಳಿಬಿಟ್ಟಿದ್ದರು.

"ತಂದೆ ಇದ್ದಾರಾ, ಇಲ್ವಾ?"

"ಇದ್ದಾರೆ ಮೇಡಂ. ಬಸ್ ಡ್ರೈವರ್."

ಮೇಡಂ ಮುಖ ಅರಳಿತು. ಲಾರಿ ಮಾಲೀಕರೊಬ್ಬರು ಚಾಲಕರ ಮಕ್ಕಳಿಗಾಗಿ ಇಟ್ಟ ದತ್ತಿ ಅವರಿಗೆ ಗೊತ್ತಿತ್ತು. ಅರ್ಜಿ ಹೋಯಿತು, ಸಂದರ್ಶನಕ್ಕೆ ಕರೆಯೂ ಬಂತು. ಟೈರ್ ಅಂಗಡಿಯ ಮೇಲಿನ ಸಂದರ್ಶನದ ಕೋಣೆಯಿಂದ ಹುಡುಗಿ ಐದೇ ನಿಮಿಷದಲ್ಲಿ, ಹೊರಗೆ ಕಾಯುತ್ತಿದ್ದ ಮೇಡಂ ಮತ್ತು ನನ್ನ ಬಳಿಗೆ ಬಂದಳು. ಅಪ್ಪ ಈಗ ಯಾವ ರೂಟಿನಲ್ಲಿದ್ದಾರೆ ಎಂದು ಕೇಳಿದರಂತೆ. ಇವಳು ಸುಳ್ಳು ಹೇಳಲಾರದೆ, ಕಣ್ಣು ಮಂಜಾಗಿ ಅವರನ್ನು ಸ್ಟಿಯರಿಂಗಿನಿಂದ ಇಳಿಸಿದ್ದಾರೆ, ಡಿಪೋದಲ್ಲಿ ಬಸ್ಸು ತೊಳೆಯುತ್ತಾರೆ ಎಂದಳಂತೆ. ಸದ್ಯ ವಾಹನ ಓಡಿಸುತ್ತಿರುವವರ ಮಕ್ಕಳಿಗೆ ಮಾತ್ರ ಎಂಬುದು ಷರತ್ತು.

"ನನ್ನ ಹತ್ರ ಯಾಕೆ ಹೇಳ್ಲಿಲ್ವೇ?" ಎಂದರು ಮೇಡಂ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಅಪ್ಪ ಈಗಲೂ ದಿನಾ ಡ್ರೈವರ್ ಯೂನಿಫಾರ್ಮೇ ಹಾಕ್ಕೊಂಡು ಹೊರಡ್ತಾರೆ ಮೇಡಂ. ನಮಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದ್ದಾರೆ. ಬಾಯಿಬಿಟ್ಟು ಹೇಳಿ ಅಭ್ಯಾಸಾನೇ ಇಲ್ಲ."

ಮೇಡಂ ಮೆಟ್ಟಿಲಿಳಿದರು. ಕೆಳಗೆ ರಸ್ತೆಗೆ ಬಂದ ಮೇಲೆ ತಟಕ್ಕನೆ ನಿಂತರು. ನಾನು ಡಿಕ್ಕಿ ಹೊಡೆದೆ. "ತಪ್ಪು ಇವಳದಲ್ಲ ಕೆಮಿಸ್ಟ್ರಿ. ಮೊದಲನೇ ಪ್ರಶ್ನೆ ಸರಿಯಿಲ್ಲದಿದ್ರೆ ಮುಂದಿನ ಕವಲೆಲ್ಲ ದಂಡ. ನಾನು ಎಲ್ಲರನ್ನೂ ಅಪ್ಪನ ದಾರೀಲೇ ನಡೆಸ್ಕೊಂಡು ಬಂದಿದ್ದೀನಿ ನೋಡು." ನಂತರ ಹುಡುಗಿಯ ಕಡೆ ತಿರುಗಿ, ನಾನು ಅವರ ಬಾಯಲ್ಲಿ ಅದುವರೆಗೆ ಕೇಳಿರದ ಬಗೆಯ, 'ಇದೆಯಾ ಇಲ್ವಾ' ಇಲ್ಲದ, ಒಂಟಿ ಪ್ರಶ್ನೆಯೊಂದನ್ನು ಕೇಳಿದರು:

"ನಿಮ್ಮನೇಲಿ ಎಲ್ಲರಿಗಿಂತ ಮುಂಚೆ ಯಾರು ಏಳ್ತಾರೆ?"

"ಅಮ್ಮ."

"ಎದ್ದು?"

"ಏನಿಲ್ಲ ಮೇಡಂ, ಆಸ್ಪತ್ರೆಗೆ ಹೋಗಿಬರ್ತಾರೆ. ಅಲ್ಲಿ ಲಾಂಡ್ರೀಲಿ ಬೆಡ್‌ಶೀಟು ಇಸ್ತ್ರಿ ಮಾಡ್ತಾರೆ."

"ಇದು ನಿನಗೆ 'ಏನಿಲ್ಲ'ವಾ!" ಎಂದು ಮೇಡಂ ನಡುರಸ್ತೆಯಲ್ಲಿ ಎಷ್ಟು ಜೋರಾಗಿ ಕೂಗಿದರೆಂದರೆ ಟೈರ್ ಅಂಗಡಿಯವನು ಹೊರಗೆ ಬಂದು ನೋಡಿದ.

ಆಸ್ಪತ್ರೆಯ ನೋಟೀಸು ಬೋರ್ಡಿನಲ್ಲಿ, ರಕ್ತದಾನದ ಭಿತ್ತಿಪತ್ರದ ಅಡಿಯಲ್ಲಿ, ಅವರು ಹಿಂದೆಂದೋ ಒಂದು ಪ್ರಕಟಣೆ ಓದಿದ್ದರು. ಒಬ್ಬ ಶಸ್ತ್ರವೈದ್ಯರು ಬಿಟ್ಟುಹೋದ ದತ್ತಿ. ರೋಗಿಯನ್ನು ಮುಟ್ಟದೆಯೇ ರೋಗಿಯ ಸೇವೆ ಮಾಡುವವರ ಮಕ್ಕಳಿಗೆ, ಅಂದರೆ ಅಡುಗೆಮನೆ, ಬಾಯ್ಲರು, ಲಾಂಡ್ರಿಯಲ್ಲಿ ದುಡಿಯುವವರ ಮಕ್ಕಳಿಗೆ. ಅವರ ಕೀಯಲ್ಲಿ ಅಲ್ಲಿಗೆ ತಲುಪುವ ಕವಲೇ ಇರಲಿಲ್ಲ, ಅಷ್ಟೆ. ಅಂದೇ ಸಂಜೆ ಹೋಗಿ ನೋಡಿದೆವು. ಕೊನೆಯ ದಿನಾಂಕಕ್ಕೆ ಇನ್ನೂ ಮೂರು ದಿನವಿತ್ತು.

ಅರ್ಜಿಯಲ್ಲಿ ತಂದೆಯ ಉದ್ಯೋಗವನ್ನೂ ಬರೆಯಬೇಕಿತ್ತು. ಹುಡುಗಿ ಆ ಜಾಗವೊಂದನ್ನು ಖಾಲಿ ಬಿಟ್ಟಳು. ಅವಳ ಅಪ್ಪನನ್ನೇ ಕೇಳೋಣವೆಂದು ಮೇಡಂ ಕೋಟಿನ ಸಮೇತ ಡಿಪೋಗೆ ಹೊರಟರು, ನಾನೂ ಹಿಂಬಾಲಿಸಿದೆ. ಒದ್ದೆ ಪ್ಯಾಂಟಿನ ಕಾಲು ಮಡಚಿಕೊಂಡು ಬಸ್ಸಿನ ಗಾಜು ಉಜ್ಜುತ್ತಿದ್ದ ಮನುಷ್ಯ ಎಲ್ಲವನ್ನೂ ಕೇಳಿ, ಬಕೆಟ್ಟನ್ನು ಕೆಳಗಿಟ್ಟ. "ಇರೋದನ್ನೇ ಬರೀಲಿ ಮೇಡಂ. ಅವಳಿಗೆ ಗೊತ್ತಾಗಬಾರದು ಅಂತ ಈ ಬಟ್ಟೆ ದಿನಾ ಹಾಕ್ತಿದ್ದೆ. ಗೊತ್ತಿದ್ದೂ ನನಗೋಸ್ಕರ ಸುಮ್ಮನಿದ್ಳಾ? ಕಳ್ಳಿ!" ಎಂದು ನಕ್ಕ. ಸಹಿ ಮಾಡುವ ಮೊದಲು ಕೈಯನ್ನು ಎರಡು ಸಲ ಒರೆಸಿಕೊಂಡ.

ಸಂದರ್ಶನ ಆಸ್ಪತ್ರೆಯ ಹಳೇ ಕಟ್ಟಡದಲ್ಲಿ. ಗೋಡೆಯ ಮೇಲರ್ಧ ಗಾಜಿನದು, ಅದರಲ್ಲೊಂದು ಗಾಜು ಒಡೆದುಹೋಗಿತ್ತು. ಬೆಂಚಿನ ಮೇಲಿದ್ದ ನಮಗೆ ಒಳಗಿನದೆಲ್ಲ ಕೇಳುತ್ತಿತ್ತು, ಅಷ್ಟಿಷ್ಟು ಕಾಣುತ್ತಲೂ ಇತ್ತು. ದಾದಿಯರ ಮುಖ್ಯಸ್ಥೆಯಾಗಿದ್ದ ನಿವೃತ್ತ ಮೇಟ್ರನ್ ಒಬ್ಬರು ಕೇಳಿದರು: "ನಿಮ್ಮಮ್ಮ ಏನು ಕೆಲಸ ಮಾಡ್ತಾರೆ? ವಿವರವಾಗಿ ಹೇಳಮ್ಮ." ಹುಡುಗಿ ಅವರ ಮೇಜಿನ ಮೇಲೆ ಏನನ್ನೋ ಹುಡುಕುವವಳಂತೆ ಕಣ್ಣಾಡಿಸಿದಳು. ಹೊರಗೆ ಮೇಡಂ ಜೇಬಿನ ಪಿನ್ನುಗಳನ್ನು ಎಷ್ಟು ಬಿಗಿಯಾಗಿ ಹಿಡಿದರೋ, ಹಾ ಎಂದು ಕೈ ಹೊರಗೆಳೆದರು. ಒಳಗೆ ಹುಡುಗಿ ಹೇಳುತ್ತಿದ್ದಳು: "ಒಂದು ಹಾಳೆ ಕೊಡ್ತೀರಾ? ಬರೆದು ತೋರಿಸ್ತೀನಿ." ಜಡೆಯಿಂದ ಪೆನ್ಸಿಲು ಈಚೆಗೆ ಬಂತು.

ಬರೆದದ್ದು ಚಿತ್ರ. ಕಾಂಡದ ಅಡ್ಡಛೇದ ಬರೆಯುವ ಕ್ರಮದಲ್ಲೇ ಅವಳು ಲಾಂಡ್ರಿ ಕೋಣೆಯ ಅಡ್ಡಛೇದ ಬರೆದಿದ್ದಳು: ಬಾಯ್ಲರು, ಹಬೆಯ ಕೊಳವೆ, ಒದ್ದೆ ರಾಶಿ, ಒಣ ರಾಶಿ, ಇಸ್ತ್ರಿಯ ಉದ್ದ ಮೇಜು, ಎಲ್ಲದಕ್ಕೂ ಬಲಗಡೆಗೆ ನೇರ ಗೆರೆ ಎಳೆದು ಹೆಸರು.

"ಎಷ್ಟು ಪಟ್ಟು ಹಿಗ್ಗಿಸಿದ್ದೀಯಮ್ಮ?" ಎಂದು ಒಬ್ಬ ವೈದ್ಯರು ಚೇಷ್ಟೆ ಮಾಡಿದರು.

"ಕುಗ್ಗಿಸಿದ್ದು ಸರ್. ನಲವತ್ತರಲ್ಲಿ ಒಂದು ಪಾಲು."

ನಗು ಕೇಳಿಸಿತು. ಮೇಟ್ರನ್ ನಗಲಿಲ್ಲ. "ಇದರಲ್ಲಿ ನಿಮ್ಮಮ್ಮ ಎಲ್ಲಿ?" ಎಂದರು. ಹುಡುಗಿ ಮೇಜಿನ ತುದಿಯಲ್ಲಿ, ಹಬೆಯ ಕೊಳವೆಗೆ ತೀರ ಹತ್ತಿರದಲ್ಲಿ, ಒಂದು ಪುಟ್ಟ ಸೊನ್ನೆ ಸುತ್ತಿ, ಗೆರೆಯೆಳೆದು, 'ಅಮ್ಮ' ಎಂದು ಬರೆದಳಂತೆ.

ಅರ್ಧ ಗಂಟೆಯ ಮೇಲೆ ಮೇಟ್ರನ್ನೇ ಹೊರಗೆ ಬಂದರು. "ಚೆಕ್ಕು ಕಾಲೇಜಿನ ಹೆಸರಿಗೆ ಬರೀಬೇಕಾ, ಇವಳ ಹೆಸರಿಗಾ?" ಎಂದು ಕೇಳಿದಾಗ, ಜೀವನವಿಡೀ ಇಂಥ ಪ್ರಶ್ನೆಗಳನ್ನೇ ಕೇಳುತ್ತ ಬಂದ ನಮ್ಮ ಮೇಡಂ ನನ್ನ ಮುಖ ನೋಡಿದರು. ಕಾಲೇಜಿನ ಹೆಸರಿಗೆ ಎಂದು ನಾನೇ ಹೇಳಬೇಕಾಯಿತು. ಗಡುವಿಗೆ ಒಂದು ದಿನ ಮೊದಲೇ ಫೀಸು ಸಂದಾಯವಾಗಿ, ರಸೀದಿ ಹುಡುಗಿಯ ಕೈ ಸೇರಿತು. ಬಟ್ಟೆ ಅಂಗಡಿಗೆ ತಾನು ಬರುವುದಿಲ್ಲವೆಂದು ಹೇಳಲು ಅವಳು ಓಡುತ್ತಲೇ ಹೋದಳು.

ಕಾಲೇಜಿನ ಮೆಟ್ಟಿಲ ಮೇಲೆ ಮೇಡಂ ಕುಸಿದು ಕುಳಿತರು. ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಕೋಟಿಲ್ಲದ ಮೇಡಂ ನಾನು ತಿಳಿದಿದ್ದಕ್ಕಿಂತ ಸಣ್ಣ ಆಕೃತಿಯವರು, ವಯಸ್ಸಾದವರು.

"ಟೀ ತರಲಾ, ಕಾಫೀನಾ?" ಎಂದೆ, ಬೇಕೆಂದೇ.

"ಯಾವ್ದಾದ್ರೂ ಸರಿ ಕಣೋ" ಎಂದರು ಮೇಡಂ, ಕಣ್ಣು ಮುಚ್ಚಿಕೊಂಡು.

ಆ ವರ್ಷದಿಂದ ಅವರ ಕೀ ಬದಲಾಯಿತು. ಬಾಗಿಲಿಗೆ ಬಂದವರಿಗೆಲ್ಲ ಮೊದಲ ಪ್ರಶ್ನೆ, ಮನೆಯಲ್ಲಿ ಮುಂಚೆ ಏಳುವವರು ಯಾರು ಎಂಬುದು. ಅದರಿಂದ ಅಜ್ಜಿಯರು, ಅಕ್ಕಂದಿರು, ಒಬ್ಬ ಕುಂಟ ಸೋದರಮಾವ, ಹೀಗೆ ಯಾವ ಅರ್ಜಿಯಲ್ಲೂ ಕಾಣಿಸಿಕೊಳ್ಳದ ಎಷ್ಟೋ ಜನ ಬೆಳಕಿಗೆ ಬಂದರು. ಅವರ ಬೆನ್ನಿಗೇ ಎಷ್ಟೋ ದತ್ತಿಗಳೂ.

ಜಗತ್ತಿನಲ್ಲಿ ದಾನಿಗಳಿಗೆ ಹೆಸರಿದೆ, ಗೆದ್ದ ಮಕ್ಕಳಿಗೆ ಪ್ರಶಸ್ತಿಪತ್ರವಿದೆ. ಈ ಎರಡರ ನಡುವೆ ಓಡಾಡಿ ಒಂದನ್ನು ಇನ್ನೊಂದಕ್ಕೆ ಮುಟ್ಟಿಸುವ ಮಂದಿಗೆ ಎರಡೂ ಇಲ್ಲ. ಕೊಡುವ ಗುಣ ಅವರದಲ್ಲ, ಕೊಡಲು ಅವರ ಬಳಿ ಏನೂ ಇರುವುದಿಲ್ಲ. ಪಡೆಯುವ ಸಂತೋಷವೂ ಅವರದಲ್ಲ. ಎಲ್ಲೋ ಇಟ್ಟ ಹಣಕ್ಕೂ ಎಲ್ಲೋ ನಿಂತ ಮಗುವಿಗೂ ದಾರಿಯೊಂದು ಇದ್ದೇ ಇರುತ್ತದೆ, ಕಾಣದಿದ್ದರೆ ತಾನು ಕೇಳಿದ ಪ್ರಶ್ನೆಯಲ್ಲೇ ದೋಷ ಎಂಬ ನಂಬಿಕೆಯಷ್ಟೇ ಅವರ ಆಸ್ತಿ. ಇಂಥವರು ಗೆಲುವನ್ನು ಬೇಗ ಮರೆಯುತ್ತಾರೆ.

ನಿವೃತ್ತಿಯ ದಿನ ಪ್ರಿನ್ಸಿಪಾಲರು ಸಭೆಯಲ್ಲೇ ಕೇಳಿದರು: "ನಿಮ್ಮಿಂದ ಒಟ್ಟು ಎಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಸಿಕ್ಕಿರಬಹುದು ಮೇಡಂ?"

"ಸಿಕ್ಕವರ ಲೆಕ್ಕ ಇಟ್ಟಿಲ್ಲ ಸರ್, ಅವರು ಓದ್ಕೊಂಡು ಹೋಗ್ಬಿಟ್ರು" ಎಂದರು ಮೇಡಂ. "ಸಿಗದೇ ಹೋದವರು ಆರು."