ಬೈಗುಳ ಅಳಿಸಿದ ವಿಡಿಯೋ

ಚಿಲಿ ದೇಶದ ಸಾಂತಿಯಾಗೊದ ಆಕಾಶ ವಿಚಿತ್ರ ಪರಿಶೀಲನಾ ಸಮಿತಿಯ ಐದು ಜನ ತಜ್ಞರು ಹತ್ತು ತಿಂಗಳಿಂದ ನಾಲ್ಕು ಸೆಕೆಂಡಿನ ಒಂದು ವಿಡಿಯೋ ನೋಡುತ್ತಾ ಕೂತಿದ್ದರು. ದಕ್ಷಿಣದ ಸರೋವರವೊಂದರ ದೋಣಿಯವ ರೊಸಾಮೆಲ್, ಜನವರಿಯ ಮಟಮಟ ಮಧ್ಯಾಹ್ನ ಫೋನಿನಲ್ಲಿ ಹಿಡಿದದ್ದು. ಜ್ವಾಲಾಮುಖಿಯ ಎದುರು ಕರ್ರಗಿನ ವಸ್ತುವೊಂದು ಎಡದಿಂದ ಬಲಕ್ಕೆ ಸರ್ರನೆ ಹೋಗುತ್ತದೆ, ಅಷ್ಟೇ. ಅದರ ವೇಗ ಗಂಟೆಗೆ ಆರು ಸಾವಿರದ ಇನ್ನೂರು ಕಿಲೋಮೀಟರ್ ಅಂತ ಲೆಕ್ಕ ಹಾಕಿಟ್ಟಿದ್ದರು. ಆ ಲೆಕ್ಕಕ್ಕೆ ಆಧಾರ, ವಸ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿತ್ತು ಅನ್ನೋದು. ಹಾಗಂತ ಅಳೆದವರು ಯಾರಪ್ಪಾ? ಯಾರೂ ಇಲ್ಲ. ಸಮಿತಿಯ ಮುಖ್ಯಸ್ಥ, ನಿವೃತ್ತ ಕರ್ನಲ್ ಬೆಲಿಸಾರಿಯೊ ಉರ್ರುಟಿಯಾ, ಮೊದಲ ದಿನವೇ ಕಡತದಲ್ಲಿ ಅಂದಾಜಿಗೆ ಹಾಗೆ ಬರೆದಿದ್ದರು. ಕರ್ನಲ್ ಬರೆದ ಮೇಲೆ ಮುಗೀತು, ಆ ವಸ್ತುವಿಗಾದರೂ ಹತ್ತಿರ ಬರುವ ಧೈರ್ಯವಿತ್ತೇ!

ಎಡೆಲ್ಮಿರಾ ಬಾರ್ರಿಯಾ ಅಲ್ಲಿ ವಿಡಿಯೋ ಪರೀಕ್ಷಿಸುವವಳು. ಒಂಬತ್ತು ವರ್ಷದಿಂದ ಗುತ್ತಿಗೆ. ಪ್ರತಿ ಡಿಸೆಂಬರಿನಲ್ಲೂ ಕೆಲಸ ಹೋಗುತ್ತದೋ ಉಳಿಯುತ್ತದೋ ಅಂತ ಜೀವ ಕೈಯಲ್ಲಿ ಹಿಡಿದು ಕೂತಿರಬೇಕು. ಈ ಸಲ ಕರ್ನಲ್ ಬಾಯಿಬಿಟ್ಟೇ ಹೇಳಿದ್ದರು: "ಶುಕ್ರವಾರ ಪತ್ರಿಕಾಗೋಷ್ಠಿ. ಅದು ಹಾರುವ ತಟ್ಟೆ ಅನ್ನೋ ವರದಿಗೆ ಸಹಿ ಹಾಕು, ಕೆಲಸ ಖಾಯಂ. ಇಲ್ಲಾಂದ್ರೆ ನಿನ್ನ ದಾರಿ ನಿನಗೆ, ಮಗಳೇ."

ಅವಳಿಗೊಂದು ಅನುಮಾನ. ವಿಡಿಯೋದಲ್ಲಿ ಸದ್ದೇ ಇಲ್ಲವಲ್ಲ? ಕಚೇರಿಯ ಗುಮಾಸ್ತೆಯನ್ನು ಕೇಳಿದಳು.

"ಆ ದೋಣಿಯವ ಬಾಯಿಗೆ ಬಂದ ಹಾಗೆ ಬೈದಿದ್ದಾನೆ ಕಣೇ. ಸರ್ಕಾರಿ ಕಡತದಲ್ಲಿ ಬೈಗುಳ ಇರೋ ಹಾಗಿಲ್ಲ. ಸದ್ದು ಪೂರ್ತಿ ಅಳಿಸಿ, ವಸ್ತು ಕಾಣೋ ನಾಲ್ಕು ಸೆಕೆಂಡು ಮಾತ್ರ ಉಳಿಸಿದ್ವಿ."

ಚಿಲಿಯವನ ಮಾತಿಂದ ಬೈಗುಳ ತೆಗೆದರೆ ಉಳಿಯೋದೇನು, ಮಣ್ಣು! ಎಡೆಲ್ಮಿರಾ ರೊಸಾಮೆಲನಿಗೇ ಫೋನು ಮಾಡಿ ಮೂಲ ವಿಡಿಯೋ ತರಿಸಿಕೊಂಡಳು. ಕಿವಿಗೊಟ್ಟು ಕೇಳಿದಳು. ಗುಂಯ್‌ಯ್... ಪಟಾರ್! ಆಮೇಲೆ ಹದಿನೇಳು ಬೈಗುಳ.

ಎಡೆಲ್ಮಿರಾ ಬಿದ್ದೂ ಬಿದ್ದೂ ನಕ್ಕಳು. ಅವಳೂ ಆ ಸರೋವರಗಳ ಕಡೆಯವಳೇ. ಕೊಲಿಗ್ವಾಚೊ ಕಣ್ರೀ ಅದು! ಕಪ್ಪು ಮೈ, ಕಿತ್ತಳೆ ರೋಮ, ಕಪ್ಪು ಕಂಡರೆ ಎರಗಿ ಕಚ್ಚುವ ದೊಡ್ಡ ನೊಣ. ಜನವರಿಯ ಬೇಸಿಗೆಯಲ್ಲಿ ಅಲ್ಲಿ ಕಪ್ಪು ಅಂಗಿ ತೊಟ್ಟು ಹೊರಬಿದ್ದವನ ಗತಿ ದೇವರಿಗೇ ಪ್ರೀತಿ. ಫೋನಿನಿಂದ ಗೇಣುದೂರದಲ್ಲಿ ಹಾರಿದ್ದು, ತಿರುಗಿ ಬಂದು ರೊಸಾಮೆಲನನ್ನು ಕಚ್ಚಿದೆ. ಅವನು ಬಾರಿಸಿದ್ದಾನೆ, ಅದೇ ಆ ಪಟಾರ್.

ಗುರುವಾರ ಬೆಳಿಗ್ಗೆ ಸಮಿತಿಯ ಮುಂದೆ ಸದ್ದು ಹಾಕಿದಳು. ಕರ್ನಲ್ ಕಣ್ಣುಮುಚ್ಚಿ ಕೇಳಿದರು.

"ಇನ್ನೊಂದು ಸಲ ಹಾಕಮ್ಮಾ."

ಹಾಕಿದಳು. ಕರ್ನಲ್ ಮೇಜು ಗುದ್ದಿ ಎದ್ದರು. "ಭಲೇ! ಎಂಜಿನ್ನಿನ ಸದ್ದು! ಇಡೀ ಜಗತ್ತಲ್ಲಿ ಯಾರಿಗೂ ಸಿಕ್ಕಿಲ್ಲ. ಆ ಪಟಾರ್ ಇದೆಯಲ್ಲ, ಅದು ಶಬ್ದದ ವೇಗ ದಾಟಿದ್ದು!"

"ಬೈಗುಳ, ಸಾಹೇಬ್ರೇ?" ಒಬ್ಬ ತಜ್ಞ ಮೆಲ್ಲಗೆ ಕೇಳಿದ.

"ಸಾಕ್ಷಿಗೆ ಮಾನಸಿಕ ಆಘಾತ. ಬರ್ಕೊಳ್ರಿ."

"ಕರ್ನಲ್ ಸಾಹೇಬ್ರೇ, ಅದು..."

"ಸಂಕೋಚ ಬೇಡಮ್ಮಾ. ಶೋಧ ನಿನ್ನದೇ. ಖಾಯಂ ಅಷ್ಟೇ ಅಲ್ಲ, ಹೊಸ ಶಬ್ದ ವಿಭಾಗಕ್ಕೆ ನೀನೇ ಮುಖ್ಯಸ್ಥೆ." ಕರ್ನಲ್ ವರದಿಯನ್ನೂ ಪೆನ್ನನ್ನೂ ಅವಳ ಮುಂದೆ ತಳ್ಳಿದರು.

ನೊಣ. ಎರಡೇ ಅಕ್ಷರ, ನಾಲಿಗೆಯ ತುದಿಗೆ ಬಂದಿತ್ತು. ಒಂಬತ್ತು ಡಿಸೆಂಬರುಗಳು ನೆನಪಾದವು. ನುಂಗಿಕೊಂಡಳು. ಸಹಿ ಹಾಕಿದಳು. ನಾಚಿಕೆಯಾಯಿತು, ಹೊಟ್ಟೆ ತಣ್ಣಗೂ ಆಯಿತು.

ಶುಕ್ರವಾರ ಸಂಜೆ ದೇಶದ ಟೀವಿಗಳಲ್ಲೆಲ್ಲ ಆ ಗುಂಯ್‌ಗುಟ್ಟುವಿಕೆಯೇ. ಸ್ವಲ್ಪ ಹೊತ್ತಿಗೆ ಊರಿಂದ ಅವ್ವನ ಫೋನು ಬಂತು.

"ಏನೇ ಎಡೆಲ್ಮಿರಾ, ಅದು ಕೊಲಿಗ್ವಾಚೊ ಅಲ್ವೇನೇ? ಸದ್ದು ಕೇಳಿ ಕೂತಲ್ಲೇ ಕತ್ತಿಗೆ ಹೊಡ್ಕೊಂಡೆ ನಾನು! ಆ ಮುಠ್ಠಾಳರಿಗೆ ಗೊತ್ತಾಗ್ಲಿಲ್ಲ, ಬಿಡು. ನೀನಾದ್ರೂ ಹೇಳ್ಬಾರದಿತ್ತಾ?"

ಎಡೆಲ್ಮಿರಾ ಟೀವಿಯ ಸದ್ದು ಕಡಿಮೆ ಮಾಡಿದಳು.

"ಅವ್ವಾ, ನನ್ನ ಕೆಲಸ ಖಾಯಂ ಆಯ್ತು."

"ಓಹೋ," ಅಂದಳು ಅವ್ವ. "ಹಾಗಾದ್ರೆ ಜನವರಿಗೆ ಊರಿಗೆ ಬಂದಾಗ ಅದು ಕಚ್ಚಿದ್ರೂ ಕಮಕ್ ಕಿಮಕ್ ಅನ್ನದೆ ಕೂತಿರು. ನೊಣ ಅಂತ ಚೀರಿದ್ರೆ ಕೆಲಸ ಹೋದೀತು."

ಅವ್ವ ಫೋನು ಇಟ್ಟುಬಿಟ್ಟಳು.