ಎರ್ರಮ್ಮ ಕಟ್ಟಿದ ಮುಡುಪು

ನನ್ನ ಗಂಡ ಪಂಚಾಕ್ಷರಪ್ಪನವರಿಗೆ ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ ಇದೆ. ಯೂರಿಯಾ ಮಾರಿದ ಮಾತ್ರಕ್ಕೆ ತಾವೇ ದೊಡ್ಡ ವಿಜ್ಞಾನಿ ಎಂದುಕೊಂಡ ಮನುಷ್ಯ. ನಾನು ಬಿ.ಎಸ್ಸಿ. ಓದುತ್ತೇನೆ ಎಂದಾಗ ಅಂಗಡಿಗೆ ಬಂದವರೆದುರು ಹೊಟ್ಟೆ ಕುಣಿಸಿ ನಕ್ಕರು.

"ನಮ್ಮ ಗೀತಾ ಇನ್ನ ಚಂದ್ರಲೋಕಕ್ಕ ಹೋಗ್ತಾಳಂತ್ರಪ್ಪೋ! ರೊಟ್ಟಿ ಯಾರು ಬಡೀಬೇಕು?"

ಕೂತವರೆಲ್ಲ ಹೌದೌದೆಂದು ತಲೆಯಾಡಿಸಿದರು. ಶಾಲೆಯ ಕಟ್ಟೆ ಹತ್ತದವನಿಗೂ ಹೆಂಗಸಿನ ಓದಿನ ಬಗ್ಗೆ ಒಂದು ತೀರ್ಪು ಇದ್ದೇ ಇರುತ್ತದೆ. ಥೂ ಇವರ!

ವಿಷಯ ಇಷ್ಟೇ. ಪಿಯುಸಿಯಲ್ಲಿ ಉಳಿದದ್ದೆಲ್ಲ ಪಾಸಾಗಿದ್ದೆ. ಮದುವೆಯ ಗದ್ದಲದಲ್ಲಿ ಭೌತಶಾಸ್ತ್ರವೊಂದು ನಿಂತುಹೋಗಿತ್ತು. ಮಗಳು ಹೈಸ್ಕೂಲು ಸೇರಿದ ಮೇಲೆ, ತೊಂಬತ್ತೆಂಟರಲ್ಲಿ, ಅದನ್ನು ಮುಗಿಸಿ ಬಿ.ಎಸ್ಸಿ. ಸೇರಲು ಹೊರಟೆ. ಹಳೇ ಪಠ್ಯದವರಿಗೆ ಇದೇ ಕೊನೆಯ ಪರೀಕ್ಷೆ, ತಪ್ಪಿದರೆ ಪಿಯುಸಿ ಮತ್ತೆ ಮೊದಲಿನಿಂದ ಎಂದು ಕಾಲೇಜಿನವರು ಹೇಳಿದ್ದರು. ಆ ಹಳೇ ಪುಸ್ತಕ ಹರಪನಹಳ್ಳಿಯ ಅಂಗಡಿಗಳಲ್ಲೂ ಸಿಗಲಿಲ್ಲ. ಕೊನೆಗೆ ತಂಬ್ರಹಳ್ಳಿಯ ಗೆಳತಿಯ ಅಟ್ಟದಿಂದ, ಇಲಿ ಕಡಿದದ್ದೊಂದನ್ನು ತಂದೆ. ಒಲೆ ಮುಂದೆ, ಹಿತ್ತಲಲ್ಲಿ, ನೀರಿನ ಸರದಿಯಲ್ಲಿ ಅದನ್ನೇ ಓದಿದೆ.

ಪರೀಕ್ಷೆಗೆ ವಾರವಿದ್ದಾಗ ಕಾನಹೊಸಹಳ್ಳಿಯ ಮದುವೆಯೊಂದಕ್ಕೆ ಹೋಗಿ ಬರುವಷ್ಟರಲ್ಲಿ ಪುಸ್ತಕ ಮಾಯ! ಅತ್ತೆ ಎರ್ರಮ್ಮ ಸಂಭ್ರಮದಿಂದ ದೇವರ ಕೋಣೆಗೆ ಕರೆದೊಯ್ದು, ಜಂತೆಗೆ ತೂಗುಬಿಟ್ಟ ಅರಿಶಿನ ಬಟ್ಟೆಯ ಗಂಟು ತೋರಿಸಿದರು.

"ನಿನ್ನ ಪುಸ್ತಕಾನ ಮುಡುಪು ಕಟ್ಟೀನವ್ವಾ. ನೀ ಪಾಸಾದ ಮ್ಯಾಲೆ ಬಿಚ್ಚಿ, ಸ್ವಾಮಿಗೆ ಹೋಳಿಗಿ ಎಡಿ ಹಿಡಿಯೂಣು."

"ಪಾಸಾದ ಮ್ಯಾಲೆ? ಅಲ್ಲಿತನಕ ನಾ ಏನ್ ಓದ್ಲಿ ಅತ್ತಿ, ಪಂಚಾಂಗ ಓದ್ಲೇನು?"

ಬೇರೆಯವರು ಮುಡುಪಿನಲ್ಲಿ ಕಾಸು ಕಟ್ಟುತ್ತಾರೆ. ಈ ಪುಣ್ಯಾತ್ಗಿತ್ತಿ ಪುಸ್ತಕವನ್ನೇ ಕಟ್ಟಿದ್ದರು. ಹರಕೆ ತೀರುವ ಮುಂಚೆ ಬಿಚ್ಚಿದರೆ ಮನೆಗೆ ಕೇಡಂತೆ!

ಗದ್ದಲ ಕೇಳಿ ಗಂಡ ಬಂದರು. "ಮುಟ್ಟೀಯ ಮತ್ತ! ಸ್ವಾಮಿನ ಪಾಸ್ ಮಾಡ್ತಾನ ಬಿಡು. ನೀ ಓದಿ ಕಡದು ಗುಡ್ಡಿ ಹಾಕೂದು ಅಷ್ಟರಾಗ ಐತಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಎಳೆದು ಹತ್ತಲು ಹೋದೆ. ಅತ್ತೆ ಸೆರಗು ಹಿಡಿದರು.

"ಬ್ಯಾಡವ್ವಾ! ಅಲ್ನೋಡು, ಪಂಚಾಕ್ಷರೀದು ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪುಸ್ತಕ. ಪರೀಕ್ಷಿ ಹತ್ರ ಬಂದಾಗ ಕಟ್ಟಿದ್ದು. ಇವತ್ತಿನ ತನಕ ಯಾರೂ ಕೈ ಹಚ್ಚಿಲ್ಲ."

ಮೂಲೆಯಲ್ಲಿ ಹೊಗೆ ಹಿಡಿದು ಕಪ್ಪಾದ ಇನ್ನೊಂದು ಗಂಟು. ನನ್ನ ಗಂಡ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದದ್ದು ಇಡೀ ಬಜಾರಿಗೆ ಗೊತ್ತಿತ್ತು. ದಿನಾ ಅದರ ಕೆಳಗೇ ನಿಂತು ವಿಭೂತಿ ಹಚ್ಚಿಕೊಳ್ಳುವ ಇವರಿಗೆ ಮಾತ್ರ ಆ ಡುಮ್ಕಿಯ ಕಾರಣ ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ.

"ಪುಸ್ತಕ ಸ್ವಾಮಿ ಹತ್ರ ಇತ್ತು, ಪರೀಕ್ಷಿ ಇವರು ಬರದ್ರು!" ಎಂದೆ. "ಸ್ವಾಮಿನ ಪರೀಕ್ಷಿ ಬರ್ದಿದ್ರ ಪಾಸಾಗ್ತಿದ್ದ. ಇವರು ಫೇಲಾಗದ ಇನ್ನೇನಾಗ್ತಾರ್ರಿ ಅತ್ತಿ?"

"ಏಯ್, ನಾಲಿಗಿ ಬಿಗಿಹಿಡಿ!" ಎಂದು ಗಂಡ ಕೂಗಿದರು.

ಅತ್ತೆ ತಲೆಯೆತ್ತಿದರು. ಹಳದಿ ಗಂಟು ನೋಡಿದರು, ಕಪ್ಪು ಗಂಟು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಹಂಗಾದ್ರ ನನ್ನ ಮಗನ್ನ ನಾನ ಫೇಲ್ ಮಾಡಿದ್ನೇನ ಯವ್ವಾ?"

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ನುಂಗಿಕೊಂಡೆ. ಅವರು ಕಣ್ಣೊರೆಸಿಕೊಂಡು ತಾವೇ ಕುರ್ಚಿ ಹತ್ತಿದರು. ನಾನು ಕುರ್ಚಿ ಗಟ್ಟಿಯಾಗಿ ಹಿಡಿದೆ.

"ಅವ್ವಾ, ಬಿಚ್ಚಬ್ಯಾಡ! ಮನಿಗೆ ಕೇಡು!"

"ನೀ ಸುಮ್ನ ಕುಂದ್ರಲೇ, ಫೇಲಾದಾವನ," ಎಂದರು ಅತ್ತೆ. "ಆಗೋ ಕೇಡು ಆಗ್ಲೇ ಆಗೈತಿ. ಈಕಿಗಾರ ಓದಾಕ ಬಿಡು."

ಅರಿಶಿನ ಮೆತ್ತಿದ ಪುಸ್ತಕ ನನ್ನ ಕೈಗೆ ಬಂತು. ಪಾಸಾದೆ. ಬಿ.ಎಸ್ಸಿ.ಗೆ ಹೆಸರು ಹಚ್ಚಿದ ದಿನ ಹೋಳಿಗೆಯೂ ಆಯಿತು. ಊಟಕ್ಕೆ ಕೂತಾಗ ಅತ್ತೆ ಮಗನನ್ನು ಕೇಳಿದರು, ನಿನ್ನದೂ ಬಿಚ್ಚಿ ಕೊಡಲೇನು ಅಂತ. ನನ್ನ ಗಂಡ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ, ದೇವರ ವಿಷಯದಲ್ಲಿ ಹುಡುಗಾಟ ಬೇಡ ಎಂದರು. ಬಿಚ್ಚಿದರೆ ಓದಬೇಕಾಗುತ್ತದಲ್ಲ, ಪಾಪ!